ಒಂಬತ್ತನೇ ಕಾಲಂ

ಎಮ್ಮೆಲ್ಲೆ ಎಲೆಕ್ಷನ್ನಿಗೆ ನೀನು ನಿಲ್ಲಬೇಕು ಎಂಬ ಮಾತು ಕಿವಿಗೆ ಬಿದ್ದಾಗ ಚಿನ್ನಪ್ಪ ಎದೆಮಟ್ಟ ಹೇಲಿನಲ್ಲಿ ನಿಂತಿದ್ದ.

ಎಲೆಕ್ಟ್ರಾನಿಕ್ ಸಿಟಿಯ ಹಿಂಬದಿಯ ಒಂದು ಅಪಾರ್ಟ್‌ಮೆಂಟಿನ ಗುಂಡಿ ಅದು. ಮೇಲೆ ಎಂಟು ಮಹಡಿ. ಮಹಡಿಗೆ ಹತ್ತು ಮನೆ. ಅಷ್ಟೂ ಮನೆಯದು ಇಳಿದು ಬಂದು ಸೇರುವುದು ಇಲ್ಲಿಗೇ. ನೀರಿನಂತಿದ್ದುದನ್ನು ಟ್ಯಾಂಕರಿನ ಪೈಪು ಎಳೆದುಕೊಂಡಿತ್ತು. ತಳದಲ್ಲಿ ಗಟ್ಟಿಯಾಗಿ ಕೂತದ್ದನ್ನು ಯಾವ ಪೈಪೂ ಎಳೆಯುವುದಿಲ್ಲ. ಮನುಷ್ಯನೇ ಇಳಿಯಬೇಕು. ಕಾಲಿನಿಂದ ತುಳಿದು ಸಡಿಲ ಮಾಡಬೇಕು. ಕೈಯಿಂದ ಬಳಿದು ಬಕೆಟ್ಟಿಗೆ ತುಂಬಬೇಕು. ಚಿನ್ನಪ್ಪ ಹದಿನೆಂಟು ವರ್ಷದಿಂದ ಅದನ್ನೇ ಮಾಡುತ್ತಿದ್ದ. ಅವನ ಕಾಲ ಬೆರಳ ಸಂದಿಗಳು ಬೆಂದು ಬೆಳ್ಳಗಾಗಿದ್ದವು. ಉಗುರುಗಳು ಎಷ್ಟೋ ವರ್ಷದ ಹಿಂದೆಯೇ ಉದುರಿಹೋಗಿದ್ದವು.

"ಲೇ ಚಿನ್ನ, ಮೇಲೆ ಬಾರೋ." ಗುಂಡಿಯ ಬಾಯಿಗೆ ರಾಜೇಂದ್ರ ಬಗ್ಗಿದ್ದ. ಮೂಗಿಗೆ ಕರ್ಚೀಫು ಹಿಡಿದಿದ್ದ. "ನಿನ್ನ ಎಲೆಕ್ಷನ್‌ಗೆ ನಿಲ್ಲಿಸ್ತಾ ಇದ್ದೀವಿ."

"ಯಾವ್ ಎಲೆಕ್ಷನ್ ಅಣ್ಣ? ಪಂಚಾಯ್ತೀದಾ?"

"ಎಮ್ಮೆಲ್ಲೆದು ಕಣೋ."

ಹಗ್ಗ ಹಿಡಿದು ನಿಂತಿದ್ದ ಡ್ರೈವರ್ ಯಮನೂರ ನಕ್ಕ. ಅವನು ಯಾದಗಿರಿ ಕಡೆಯವನು, ರಾಜೇಂದ್ರನ ಟ್ಯಾಂಕರ್ ಓಡಿಸುತ್ತಿದ್ದ. ರಾಜೇಂದ್ರ ನಗಲಿಲ್ಲ. ಅದು ತಮಾಷೆಯಲ್ಲ ಎಂದು ಚಿನ್ನಪ್ಪನಿಗೆ ಆಗ ಗೊತ್ತಾಯಿತು.

ಆ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲು. ರಾಜೇಂದ್ರ ಊರ ಪಟೇಲರ ಮನೆಯವನು, ತಾನೇ ನಿಲ್ಲುವ ಹಾಗಿಲ್ಲ. ಆದರೆ ಆ ಕಡೆಯ ಅಪಾರ್ಟ್‌ಮೆಂಟುಗಳಿಗೆ ಕುಡಿಯುವ ನೀರು ತರುವ ಟ್ಯಾಂಕರೂ ಅವನದೇ, ಹೇಲು ಒಯ್ಯುವ ಟ್ಯಾಂಕರೂ ಅವನದೇ. ಎಮ್ಮೆಲ್ಲೆಯೂ ಅವನವನೇ ಆಗಬೇಕಲ್ಲ. ಹಿಂದಿನ ಸಲ ಹನುಮಯ್ಯ ಎಂಬವನನ್ನು ನಿಲ್ಲಿಸಿ ಗೆಲ್ಲಿಸಿದ್ದ. ಎಮ್ಮೆಲ್ಲೆ ಆಗಿ ಐದು ವರ್ಷವಾದರೂ ಹನುಮಯ್ಯ ರಾಜೇಂದ್ರನ ಮನೆಗೆ ಹೋದರೆ ಜಗಲಿಯ ಕೆಳಗೇ ಚಪ್ಪಲಿ ಬಿಟ್ಟು ಅಲ್ಲೇ ನಿಲ್ಲುತ್ತಿದ್ದ. ಎರಡು ಸಾವಿರದ ಹದಿಮೂರರ ಈ ಸಲದ ಎಲೆಕ್ಷನ್ನಿಗೂ ಅವನನ್ನೇ ನಿಲ್ಲಿಸುತ್ತಿದ್ದ, ಆದರೆ ಎದುರಾಳಿ ಗಟ್ಟಿ ಇದ್ದ. ರಿಟೈರಾದ ಹೆಡ್‌ಮೇಷ್ಟ್ರು. ಕಾಲೋನಿಗಳಲ್ಲಿ ಅರ್ಧ ಜನಕ್ಕೆ ಅಕ್ಷರ ಕಲಿಸಿದವರು. ಅವರ ಹೆಸರು ಎನ್. ಚಿನ್ನಪ್ಪ.

"ಮಿಷನ್ ಮೇಲೆ ಫೋಟೋ ಇರಲ್ಲ, ಬರೀ ಹೆಸರು, ಗುರುತು ಅಷ್ಟೇ," ರಾಜೇಂದ್ರ ಮರೆಮಾಚದೆ ಹೇಳಿದ. "ಇಬ್ರು ಚಿನ್ನಪ್ಪ ಇದ್ರೆ ಮುದುಕ್ರು ಮುದುಕೀರು ಯಾವ್ದನ್ನೋ ಒಂದನ್ನ ಒತ್ತುತಾರೆ. ನಿಂಗೊಂದು ಸಾವಿರ ಓಟು ಬಿದ್ರೆ ಸಾಕು, ಮೇಷ್ಟ್ರ ಕಥೆ ಮುಗೀತು. ನೀನೇನೂ ಮಾಡಂಗಿಲ್ಲ. ಸೈ ಹಾಕು, ಮನೇಲ್ ಕೂತ್ಕೋ."

ಒಪ್ಪಿಗೆಯೇ ಎಂದು ಅವನು ಕೇಳಲಿಲ್ಲ. ಚಿನ್ನಪ್ಪ ಇದ್ದ ಶೀಟಿನ ಮನೆಯೂ ರಾಜೇಂದ್ರನ ಜಾಗದ್ದೇ.

ನಾಮಪತ್ರ ಹಾಕುವ ದಿನ ಚಿನ್ನಪ್ಪನಿಗೆ ಬಿಳಿ ಅಂಗಿ, ಬಿಳಿ ಪಂಚೆ ಕೊಟ್ಟರು. ಅವನು ಮೂರು ಸಲ ಸೋಪು ಹಚ್ಚಿ ಸ್ನಾನ ಮಾಡಿದ್ದ. ಕಾರಿನ ಬಾಗಿಲು ತೆಗೆದಾಗ ರಾಜೇಂದ್ರನ ಕಡೆಯವನು ಶೇಖರಪ್ಪ, "ತಡೀ ತಡೀ," ಎಂದು ಹಿಂದಿನ ಸೀಟಿಗೆ ಪೇಪರು ಹಾಸಿದ. ಎಮ್ಮೆಲ್ಲೆ ಅಭ್ಯರ್ಥಿ ಪೇಪರಿನ ಮೇಲೆ ಕೂತ. ದಾರಿಯುದ್ದಕ್ಕೂ ಅದು ಅಂಡಿನ ಕೆಳಗೆ ಪರಪರ ಎನ್ನುತ್ತಿತ್ತು. ಕಾರಿನ ನಾಲ್ಕೂ ಕಿಟಕಿ ಇಳಿಸಿದ್ದರು.

ಪಕ್ಷೇತರನಿಗೆ ಹತ್ತು ಜನ ಸೂಚಕರು ಸೈ ಹಾಕಬೇಕು. ಹತ್ತೂ ಜನ ರಾಜೇಂದ್ರನವರೇ. ಮೊದಲ ಸೈ ಶೇಖರಪ್ಪನದು. ತಾಲ್ಲೂಕು ಕಚೇರಿಯ ಒಳಗೆ ಚುನಾವಣಾಧಿಕಾರಿ ತಲೆಯೆತ್ತಿ, "ಬನ್ನಿ ಚಿನ್ನಪ್ಪನವರೇ, ಕೂತ್ಕೊಳ್ಳಿ," ಎಂದರು. ಚಿನ್ನಪ್ಪ ಹಿಂದಕ್ಕೆ ತಿರುಗಿ ನೋಡಿದ, ಮೇಷ್ಟ್ರೇನಾದರೂ ಬಂದಿದ್ದಾರೋ ಎಂದು. ಹಿಂದೆ ಯಾರೂ ಇರಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತ. ಅಧಿಕಾರಿ ಹೇಳಿಕೊಟ್ಟ ಪ್ರಮಾಣವಚನವನ್ನು ತೊದಲುತ್ತಾ ಹೇಳಿದ. ನಾಲ್ಕನೇ ಕ್ಲಾಸಿನ ತನಕ ಓದಿದ್ದ, ಕೂಡಿಸಿ ಕೂಡಿಸಿ ಓದಲು ಬರುತ್ತಿತ್ತು.

ಪಕ್ಕದ ಮೇಜಿನಲ್ಲಿ ಭುವನೇಶ್ವರಿ ಎಂಬ ಗುಮಾಸ್ತೆ ಅವನ ಅಫಿಡವಿಟ್ಟಿನ ಹಾಳೆಗಳನ್ನು ತಿರುವುತ್ತಿದ್ದಳು. ಒಂದು ಕಡೆ ಕೈ ತಡೆದಳು.

"ಒಂಬತ್ತನೇ ಕಾಲಂ ಖಾಲಿ ಇದೆ ಸಾರ್. ಉದ್ಯೋಗ ಬರೆದಿಲ್ಲ."

ಬರೆಯದಿರಲು ಕಾರಣವಿತ್ತು. ಹಿಂದಿನ ದಿನ ಅಫಿಡವಿಟ್ ತಯಾರಿಸಿದ ವಕೀಲ ಆ ಸಾಲಿಗೆ ಬಂದಾಗ ಪೆನ್ನು ನಿಲ್ಲಿಸಿ ರಾಜೇಂದ್ರನ ಮುಖ ನೋಡಿದ್ದ. "ಇದಕ್ಕೇನು ಹಾಕ್ಲಿ?" ರಾಜೇಂದ್ರ, "ಆಮೇಲೆ ನೋಡೋಣ ಬಿಡಿ," ಅಂದಿದ್ದ. ಆಮೇಲೆ ಯಾರೂ ನೋಡಿರಲಿಲ್ಲ.

"ಖಾಲಿ ಬಿಡಂಗಿಲ್ಲ. ನಾಳೆ ಮಧ್ಯಾಹ್ನದೊಳಗೆ ಹೊಸ ಅಫಿಡವಿಟ್ ಕೊಡಿ," ಎಂದರು ಅಧಿಕಾರಿ.

ಹೊರಗೆ ಬಂದ ಮೇಲೆ ಶೇಖರಪ್ಪ ಹೇಳಿದ. "ನಾಳೆ ಹನುಮಯ್ಯಣ್ಣಂದು ಮೆರವಣಿಗೆ ಐತೆ. ನಮಗೆ ಪುರುಸೊತ್ತಿಲ್ಲ. ನೀನೇ ಬಸ್ಸಲ್ಲಿ ಬಂದು ಇಲ್ಲಿ ಮರದ ಕೆಳಗೆ ಟೈಪ್ ಮಾಡೋರತ್ರ ಮಾಡಿಸ್ಕೊಡು. ಕೂಲಿ ಅಂತ ಬರೆಸು."

ಸಂಜೆ ಮನೆಯಲ್ಲಿ ಹೆಂಡತಿ ಪಿಳ್ಳಮ್ಮ ರಾಗಿ ಮುದ್ದೆ ತಟ್ಟೆಗೆ ಹಾಕಿ ತಳ್ಳಿದಳು. "ಏನಂದ್ರು?"

"ಏನ್ ಕೆಲ್ಸ ಮಾಡ್ತೀಯ ಅಂತ ಕೇಳವ್ರೆ. ಅವ್ರು ಬರ್ದಿರ್ಲಿಲ್ಲ. ನಾಳೀಕೆ ಬರೆಸ್ಬೇಕಂತೆ."

"ಏನಂತ ಬರೆಸ್ತೀಯ?"

"ಕೂಲಿ ಅಂತ."

ಪಿಳ್ಳಮ್ಮ ಮುದ್ದೆಯ ಪಾತ್ರೆ ಮುಚ್ಚಿಟ್ಟಳು. ಆಮೇಲೆ, "ಇನ್ನೊಂದು ಸುಳ್ಳು ಕಾಗದಕ್ಕೆ ಸೈ ಆಕ್ತೀಯ ಅನ್ನು," ಎಂದಳು.

ಚಿನ್ನಪ್ಪ ತಟ್ಟೆ ಪಕ್ಕಕ್ಕೆ ಸರಿಸಿದ. ಮೊದಲ ಸುಳ್ಳು ಕಾಗದ ಯಾವುದು ಎಂದು ಅವನಿಗೆ ಹೇಳಿಕೊಡಬೇಕಿರಲಿಲ್ಲ. ಎಂಟು ತಿಂಗಳ ಹಿಂದೆ ಸಿಂಗಸಂದ್ರದ ಹತ್ತಿರದ ಒಂದು ಗುಂಡಿಯಲ್ಲಿ ಪಿಳ್ಳಮ್ಮನ ತಮ್ಮ ಮುತ್ತು ಸತ್ತಿದ್ದ. ಇಪ್ಪತ್ತನಾಲ್ಕು ವರ್ಷ. ಕೆಲಸಕ್ಕೆ ಸೇರಿಸಿದ್ದು ಚಿನ್ನಪ್ಪನೇ. ಇಳಿದ ಐದು ನಿಮಿಷಕ್ಕೆ ಮುತ್ತುವಿನ ಸದ್ದು ನಿಂತಿತು. ಒಳಗೆ ಹಾರಲು ಹೋದ ಚಿನ್ನಪ್ಪನನ್ನು ಯಮನೂರ ಸೊಂಟ ಹಿಡಿದು ಎಳೆದು ಹಾಕಿದ್ದ. ಗಾಳಿ ಕೆಟ್ಟ ಗುಂಡಿಗೆ ಇಬ್ಬರು ಇಳಿದರೆ ಇಬ್ಬರೂ ಹೆಣವೇ. ಪೊಲೀಸರು ಬರುವ ಮೊದಲು ರಾಜೇಂದ್ರ ಬಂದ. ಕಾಗದ ಸಿದ್ಧವಾಯಿತು. ಮುತ್ತು ಎಂಬವನು ಕೆಲಸಕ್ಕೆ ಬಂದವನಲ್ಲ, ಕುಡಿದು ದಾರಿಯಲ್ಲಿ ಹೋಗುತ್ತಿದ್ದವನು ತೆರೆದ ಗುಂಡಿಗೆ ಬಿದ್ದ. ಸಾಕ್ಷಿಯ ಸೈ ಚಿನ್ನಪ್ಪನದು. ಹಾಕದಿದ್ದರೆ ಮನೆ ಇಲ್ಲ, ಕೆಲಸ ಇಲ್ಲ.

ಅಂದಿನಿಂದ ಪಿಳ್ಳಮ್ಮ ಅವನಿಗೆ ಅಡುಗೆ ಮಾಡಿ ಹಾಕುತ್ತಿದ್ದಳು. ಬಟ್ಟೆ ಒಗೆದು ಹಾಕುತ್ತಿದ್ದಳು. ಹತ್ತಿರ ಕೂರುತ್ತಿರಲಿಲ್ಲ.

ಮಾರನೆಯ ದಿನ ತಾಲ್ಲೂಕು ಕಚೇರಿಯ ಬೇವಿನ ಮರದ ಕೆಳಗೆ ಮಹಾನಂದಾ ಟೈಪ್ ಮಿಷನ್ ಇಟ್ಟುಕೊಂಡು ಕೂತಿದ್ದಳು. ವಿಜಾಪುರದ ಕಡೆಯ ಹೆಂಗಸು. ಗಂಡ ಜಿಗಣಿಯ ಫ್ಯಾಕ್ಟರಿಯಲ್ಲಿದ್ದ. ಹಳೆಯ ಅಫಿಡವಿಟ್ ನೋಡಿಕೊಂಡು ಹೊಸದನ್ನು ಹೊಡೆಯತೊಡಗಿದಳು. ಒಂಬತ್ತನೆಯದಕ್ಕೆ ಬಂದಾಗ ಹೊಡೆಯುವುದನ್ನು ನಿಲ್ಲಿಸಿದಳು.

"ಉದ್ಯೋಗ ಏನ್ ಬರೀಲ್ರಿ ಅಣ್ಣಾರ?"

ಕೂಲಿ ಎಂದು ಹೇಳಲು ಚಿನ್ನಪ್ಪ ಬಾಯಿ ತೆರೆದ. ಮಹಾನಂದಾ ಕಾದಳು. ಅವಳ ಬೆರಳುಗಳು ಅಕ್ಷರಗಳ ಮೇಲೇ ಇದ್ದವು.

"ಸುಳ್ಳು ಬರ್ದ್ರೆ ಏನಾಯ್ತದಮ್ಮ?"

"ಇದು ಪ್ರಮಾಣ ಮಾಡಿ ಕೊಡೋ ಕಾಗದರಿ. ಸುಳ್ಳು ಬರದ್ರ ಕೇಸ್ ಆಗ್ತದ ಅಂತ ಕೆಳಗ ಬರದದ. ಎಲ್ಲಾರೂ ಸುಳ್ಳೇ ಬರಸ್ತಾರ, ಆ ಮಾತು ಬ್ಯಾರೆ."

"ನಿಜ ಬರ್ದ್ರೆ?"

ಅವಳು ಅವನ ಮುಖ ನೋಡಿದಳು. "ಖರೆ ಬರಸಿದವ್ರನ್ನ ನಾ ಇನ್ನ ನೋಡಿಲ್ರಿ."

"ಬರ್ಕಳವ್ವ," ಎಂದ ಚಿನ್ನಪ್ಪ. ಒಂದೊಂದೇ ಮಾತು ಹೇಳಿದ. ಅವಳು ಒಂದೊಂದೇ ಮಾತು ಹೊಡೆದಳು. ನಡುವೆ ಒಮ್ಮೆ ಕೈ ನಿಲ್ಲಿಸಿ, "ಹೆಸರು ಹಾಕ್ಲೇನ್ರಿ? ವಿಚಾರ ಮಾಡ್ರಿ. ನೀವು ಇಲ್ಲೇ ಬಾಳೇವು ಮಾಡಬೇಕು," ಎಂದಳು.

"ಆಕು."

ಮುಗಿದ ಮೇಲೆ ಅವಳು ಓದಿ ಹೇಳಿದಳು. "ಅಪಾರ್ಟ್‌ಮೆಂಟು ಮತ್ತು ಕಾರ್ಖಾನೆಗಳ ಮಲದ ಗುಂಡಿಗೆ ಇಳಿದು ಕೈಯಿಂದ ಬಳಿದು ತೆಗೆಯುವ ಕೆಲಸ. ಹದಿನೆಂಟು ವರ್ಷದಿಂದ. ಕೆಲಸ ಮಾಡಿಸುವವರು ಟ್ಯಾಂಕರ್ ಮಾಲೀಕ ರಾಜೇಂದ್ರ. ಇದೇ ಕೆಲಸದಲ್ಲಿ ನನ್ನ ಬಾಮೈದ ಮುತ್ತು ಗುಂಡಿಯೊಳಗೆ ಸತ್ತ. ಅವನು ಕುಡಿದು ಬಿದ್ದವನಲ್ಲ."

ನೋಟರಿ ಓದಲಿಲ್ಲ. ದಿನಕ್ಕೆ ನೂರು ಕಾಗದ ನೋಡುವವನು, ಸೀಲು ಒತ್ತಿ ಕೊಟ್ಟ.

ಭುವನೇಶ್ವರಿ ಓದಿದಳು. ಎದ್ದು ಹೋಗಿ ಅಧಿಕಾರಿಗೆ ಕೊಟ್ಟಳು. ಅವರು ಎರಡು ಸಲ ಓದಿದರು.

"ಇದನ್ನ ಹೀಗೆ ಬರೀಬಾರ್ದು ಕಣ್ರೀ. ಈ ಕೆಲಸ ಬ್ಯಾನ್ ಆಗಿ ಎಷ್ಟೋ ವರ್ಷ ಆಯ್ತು."

"ಗುಂಡಿ ತುಂಬ್ತಾನೇ ಅದೆ ಸಾರ್."

"ಕೂಲಿ ಅಂತ ಹಾಕಿದ್ರೆ ಆಗ್ತಿತ್ತಲ್ಲ."

"ನೀವೇ ತಾನೇ ಸಾರ್ ಏನ್ ಕೆಲ್ಸ ಅಂತ ಕೇಳಿದ್ದು."

ಅಧಿಕಾರಿ ಪೆನ್ನು ಮೇಜಿನ ಮೇಲಿಟ್ಟು ಕಿಟಕಿ ಕಡೆ ನೋಡಿದರು. ತೆಗೆದುಕೊಳ್ಳುವುದಿಲ್ಲ ಎನ್ನಲು ಅವರಿಗೂ ಅಧಿಕಾರವಿರಲಿಲ್ಲ. ಅಭ್ಯರ್ಥಿಗಳ ಅಫಿಡವಿಟ್ ಎಲ್ಲರಿಗೂ ಕಾಣುವಂತೆ ನೋಟಿಸ್ ಬೋರ್ಡಿಗೆ ಅಂಟಿಸಬೇಕು. ಮಧ್ಯಾಹ್ನ ಜವಾನ ಅದನ್ನು ಅಂಟಿಸಿದ. ಹನುಮಯ್ಯನ ಅಫಿಡವಿಟ್ಟಿನ ಪಕ್ಕದಲ್ಲೇ. ಹನುಮಯ್ಯನ ಒಂಬತ್ತನೇ ಕಾಲಮ್ಮಿನಲ್ಲಿ ಸಮಾಜ ಸೇವೆ ಎಂದಿತ್ತು.

ಎರಡು ದಿನ ಯಾರ ಕಣ್ಣಿಗೂ ಬೀಳಲಿಲ್ಲ. ಮೂರನೆಯ ದಿನ ಮೇಷ್ಟ್ರ ಕಡೆಯ ಹುಡುಗರು ಅದರ ಜೆರಾಕ್ಸ್ ಮಾಡಿ ಟೀ ಅಂಗಡಿಗಳಲ್ಲಿ, ಬಸ್ ಸ್ಟಾಪುಗಳಲ್ಲಿ ಅಂಟಿಸಿದರು. ಸಂಜೆಯೊಳಗೆ ರಾಜೇಂದ್ರನ ಕಾರು ಚಿನ್ನಪ್ಪನ ಮನೆ ಮುಂದೆ ನಿಂತಿತು. ಅವನು ಕೂಗಾಡಲಿಲ್ಲ. ಕಾರಿನಿಂದ ಇಳಿಯಲೂ ಇಲ್ಲ.

"ಗುಂಡಿಗೆ ಇಳಿಸೋದು ಕಾನೂನಿಗೆ ತಪ್ಪು. ಇಳಿಸಿದವ್ನು ಜೈಲಿಗೆ ಹೋಗ್ತಾನೆ. ಇಳಿದವ್ನೂ ಹೋಗ್ತಾನೆ. ಅದು ಗೊತ್ತಾ ನಿಂಗೆ?"

ಇಳಿದವನು ಹೋಗುತ್ತಾನೆ ಎಂಬುದು ಸುಳ್ಳು. ಚಿನ್ನಪ್ಪನಿಗೆ ಅದು ಗೊತ್ತಿರಲಿಲ್ಲ. ನಿಜವೆಂದೇ ನಂಬಿದ. ನಂಬಿಯೂ ಬಾಗಿಲಿನಿಂದ ಕದಲಲಿಲ್ಲ.

"ಶನಿವಾರ ಮೂರು ಗಂಟೆ ತನಕ ಟೈಮ್ ಐತೆ. ಬಂದು ವಾಪಸ್ ತಗೋ. ಆ ಕಾಗದ ಗೋಡೆಯಿಂದ ಇಳೀಬೇಕು."

"ನೀವೇ ನಿಂತ್ಕೋ ಅಂದ್ರಿ ಅಣ್ಣ."

"ಈಗ ನಾನೇ ಕೂತ್ಕೋ ಅಂತಿದ್ದೀನಿ."

"ಇಲ್ಲಣ್ಣ," ಎಂದ ಚಿನ್ನಪ್ಪ. ಅವನ ಬಾಯಿಂದ ರಾಜೇಂದ್ರನ ಮುಂದೆ ಆ ಮಾತು ಹಿಂದೆಂದೂ ಬಂದಿರಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡ. ರಾಜೇಂದ್ರ ಕಿಟಕಿ ಏರಿಸಿದ.

ಮಾರನೆಯ ದಿನ ಮೇಷ್ಟ್ರು ಬಂದರು. ಮನೆಯೊಳಗೆ ಬಂದು ಚಾಪೆಯ ಮೇಲೆ ಕೂತರು, ನೀರು ಕುಡಿದರು. ಅವರದೂ ಅದೇ ಮಾತು. "ನೀನು ಬರೆಸಿದ್ದು ದೊಡ್ಡ ಕೆಲಸ ಕಣಪ್ಪ. ಆದ್ರೆ ನಿನ್ನ ಹೆಸರು ಮಿಷನ್ ಮೇಲಿದ್ರೆ ನನ್ನ ಓಟು ಒಡೀತದೆ, ಗೆಲ್ಲೋದು ಹನುಮಯ್ಯ. ವಾಪಸ್ ತಗೋ. ನಾನು ಗೆದ್ರೆ ವಿಧಾನಸೌಧದಲ್ಲಿ ಇದನ್ನ ಎತ್ತುತೀನಿ."

ಒಳಗಿನಿಂದ ಪಿಳ್ಳಮ್ಮ ಕೇಳಿದಳು. "ನನ್ ತಮ್ಮ ಸತ್ತಾಗ ನೀವು ಎಲ್ಲಿದ್ರಿ ಮೇಷ್ಟ್ರೇ?"

ಮೇಷ್ಟ್ರು ತಲೆ ತಗ್ಗಿಸಿದರು. "ಕುಡಿದು ಬಿದ್ದ ಅಂತ ಕೇಳಿದ್ದೆ ತಾಯಿ."

"ನೀವೂ ನಂಬಿದ್ರಿ."

ಅವರು ಎದ್ದು ಹೋದರು. ಒಳ್ಳೆಯ ಮನುಷ್ಯ ಎಂದು ಚಿನ್ನಪ್ಪನಿಗೆ ಗೊತ್ತಿತ್ತು. ವಾಪಸ್ ತೆಗೆದುಕೊಂಡರೆ ಅವರು ಗೆಲ್ಲಬಹುದು ಎಂಬುದೂ ಗೊತ್ತಿತ್ತು. ಆದರೆ ಆ ಕಾಗದ ಗೋಡೆಯಿಂದ ಇಳಿದರೆ ಮುತ್ತು ಮತ್ತೆ ಕುಡುಕನಾಗುತ್ತಾನೆ. ಅವನಿಗೆ ಅದರಾಚೆ ಯೋಚನೆ ಓಡಲಿಲ್ಲ.

ಶನಿವಾರ ಮೂರು ಗಂಟೆಯವರೆಗೆ ಮನೆ ಬಿಟ್ಟು ಕದಲುವುದಿಲ್ಲ ಎಂದು ನಿರ್ಧರಿಸಿದ. ತಾನು ಸೈ ಹಾಕದಿದ್ದರೆ ಯಾರೇನು ಮಾಡಲಾದೀತು. ಹನ್ನೊಂದೂವರೆಗೆ ಯಮನೂರ ಓಡುತ್ತಾ ಬಂದ. ಟ್ಯಾಂಕರು ರಸ್ತೆಯಲ್ಲಿ ಸದ್ದು ಮಾಡುತ್ತಾ ನಿಂತಿತ್ತು.

"ಅಣ್ಣಾ, ಹೊಸ ಕೂಲಿಯವ ಒಬ್ಬ ಗುಂಡ್ಯಾಗ ಇಳದಾನ. ಕೂಗಿದ್ರ ಓ ಅನವಲ್ಲ. ಲಗೂನ ಬಾ."

ಚಿನ್ನಪ್ಪ ಪಿಳ್ಳಮ್ಮನನ್ನು ನೋಡಿದ. ಶನಿವಾರ ಎಂಬುದು ಅವಳಿಗೂ ಗೊತ್ತಿತ್ತು. "ಓಗು," ಎಂದಳು. "ಯಾರ ತಮ್ಮನೋ ಏನೋ. ಓಗು."

ಅರ್ಧ ಕಟ್ಟಿದ ಅಪಾರ್ಟ್‌ಮೆಂಟು ಅದು. ಮುಂದಿನ ಎರಡು ಬ್ಲಾಕಿಗೆ ಜನ ಬಂದಿದ್ದರು, ಹಿಂದೆ ಇನ್ನೂ ಕೆಲಸ ನಡೆದಿತ್ತು. ಗುಂಡಿ ಹಿಂಬದಿಯ ಮೂಲೆಯಲ್ಲಿ. ಸುತ್ತ ಯಾರೂ ಇರಲಿಲ್ಲ. ಅದನ್ನು ಗಮನಿಸುವಷ್ಟು ವ್ಯವಧಾನ ಚಿನ್ನಪ್ಪನಿಗೆ ಇರಲಿಲ್ಲ. ಅಂಗಿ, ಲುಂಗಿ ಬಿಚ್ಚಿ ಎಸೆದ. ಮೂಗಿಗೆ ಟವಲು ಕಟ್ಟಿದ. ಸೊಂಟಕ್ಕೆ ಹಗ್ಗ ಕಟ್ಟದೆಯೇ ಏಣಿಯಲ್ಲಿ ಇಳಿದ.

ಎದೆಮಟ್ಟ ಇತ್ತು. ಕಾಲಿನಿಂದ ತಳ ತಡಕಿದ. ಸಿಗಲಿಲ್ಲ. ಬಗ್ಗಿ ಕೈ ಹಾಕಿದ, ಗದ್ದ ಮುಳುಗಿತು. ಮೆತ್ತಗೆ ಏನೋ ಸಿಕ್ಕಿತು. ತಲೆಗೂದಲು ಎಂದು ಎಳೆದರೆ ನೆಲ ಒರೆಸುವ ಬಟ್ಟೆ. ಇನ್ನೊಂದು ಮೂಲೆಯಲ್ಲಿ ಗಟ್ಟಿಯಾಗಿ ಏನೋ ತಾಗಿತು. ಮೊಣಕೈ ಎಂದು ಹಿಡಿದರೆ ಪೈಪಿನ ತುಂಡು. ನಾಲ್ಕು ಮೂಲೆಯನ್ನೂ ಮೂರು ಸಲ ಸುತ್ತಿದ. ಬಾಯಿಗೆ ಹೋಯಿತು, ಉಗುಳಿದ. ಉಸಿರು ಬಿಗಿಯತೊಡಗಿತು. ಇಪ್ಪತ್ತನಾಲ್ಕು ವರ್ಷದ ಹುಡುಗನ ಮುಖವೇ ಕೈಗೆ ಸಿಕ್ಕೀತು ಎಂಬಂತೆ ತಡಕುತ್ತಲೇ ಇದ್ದ.

"ಯಮನೂರ, ಯಾರೂ ಇಲ್ವಲ್ಲೋ ಇಲ್ಲಿ."

ಮೇಲಿನಿಂದ ಉತ್ತರ ಬರಲಿಲ್ಲ. ತಲೆಯೆತ್ತಿ ನೋಡಿದ. ಏಣಿ ಮೇಲಕ್ಕೆ ಹೋಗುತ್ತಿತ್ತು.

"ಮೂರರ ತನಕ ಬಿಡಬ್ಯಾಡ ಅಂದಾರಣ್ಣಾ," ಯಮನೂರನ ದನಿ ಒಡೆದಿತ್ತು. ಬೆಳಕಿನ ಚೌಕದಲ್ಲಿ ಅವನ ತಲೆ ಮಾತ್ರ ಕಾಣುತ್ತಿತ್ತು. "ಸೂಚಕ ಹೋಗಿ ಕೊಟ್ರೂ ನಡೀತದಂತ. ನಿನ್ನ ಸೈ ಇರೋ ಪತ್ರ ತಗೊಂಡು ಶೇಖರಪ್ಪ ತಾಲ್ಲೂಕ ಆಫೀಸಿಗೆ ಹೋಗ್ಯಾನ."

"ನಾನ್ ಯಾವ ಪತ್ರಕ್ಕೂ ಸೈ ಆಕಿಲ್ಲ."

"ಯಾರರ ಹಾಕಿರ್ತಾರ ಬಿಡಣ್ಣಾ. ಮೂರಾದ ಕೂಡ್ಲೆ ಏಣಿ ಬಿಡ್ತೀನಿ. ನಿನಗೇನೂ ಮಾಡಂಗಿಲ್ಲ ಅಂತ ಆಣಿ ಮಾಡಿಸ್ಕೊಂಡೀನಿ."

ಚಿನ್ನಪ್ಪ ಬೇಡಿಕೊಳ್ಳಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ನಿಂತ. ಹೊತ್ತು ಎಷ್ಟು ಹೋಯಿತೋ ತಿಳಿಯಲಿಲ್ಲ. ಕಣ್ಣು ಉರಿಯತೊಡಗಿತು. ಕೊಳೆತ ಮೊಟ್ಟೆಯ ವಾಸನೆ ಇದ್ದದ್ದು ಇದ್ದಕ್ಕಿದ್ದಂತೆ ಮಾಯವಾಯಿತು. ವಾಸನೆ ಹೋದರೆ ಗಾಳಿ ಕೆಟ್ಟಿತು ಎಂದೇ ಲೆಕ್ಕ. ಹದಿನೆಂಟು ವರ್ಷದಲ್ಲಿ ಅವನು ಕಲಿತದ್ದು ಅದು.

"ಯಮನೂರ," ಎಂದ. ನಾಲಿಗೆ ದಪ್ಪವಾಗಿತ್ತು. "ವಾಸ್ನೆ ಓಯ್ತು ಕಣೋ. ಮೂರರ ತನ್ಕ ಇರಾಕಿಲ್ಲ ನಾನು. ಮುತ್ತೂಗೆ ಬರ್ದಂಗೆ ನಂಗೂ ಬರೀತಾರೆ. ಸಾಕ್ಷಿ ಸೈ ನೀನೇ ಆಕ್ಬೇಕು."

ಮೇಲಿನ ತಲೆ ಚೌಕದಿಂದ ಸರಿಯಿತು. ಅವನು ಹೋದ ಎಂದುಕೊಂಡ ಚಿನ್ನಪ್ಪ. ಮೊಣಕಾಲು ಕುಸಿಯತೊಡಗಿತು. ಆಗ ಏಣಿಯ ಕಾಲು ಅವನ ಭುಜಕ್ಕೆ ಬಡಿಯಿತು.

ಅರ್ಧ ಏಣಿ ಹತ್ತಿದಾಗ ಕೈ ಸೋತಿತು. ಯಮನೂರ ಹೊಟ್ಟೆಯ ಮೇಲೆ ಮಲಗಿ ಎರಡೂ ರಟ್ಟೆ ಹಿಡಿದು ಎಳೆದ. ಮೇಲೆ ಬಂದು ಚಿನ್ನಪ್ಪ ಕಾರಿಕೊಂಡ. ಯಮನೂರ ಮುಖ ಮುಚ್ಚಿಕೊಂಡು ಕೂತಿದ್ದ. ಸಮಯ ಎರಡು ದಾಟಿತ್ತು.

"ತೊಳ್ಕೊಳ್ಳಾಕ ನೀರು ತರ್ತೀನಿ," ಎಂದ ಯಮನೂರ.

"ಬ್ಯಾಡ. ಗಾಡಿ ತೆಗಿ."

ಯಮನೂರ ಒಂದು ಕ್ಷಣ ನಿಂತ. ಗಾಡಿ ರಾಜೇಂದ್ರನದು, ಊರಿನಲ್ಲಿರುವ ಹೆಂಡತಿ ಮಕ್ಕಳ ಅನ್ನವೂ ಅದೇ ಗಾಡಿಯದು. ಹತ್ತಿ ಕೀ ತಿರುಗಿಸಿದ. ಚಂದಾಪುರ ಸರ್ಕಲ್ಲಿನಲ್ಲಿ ಗಾಡಿಗಳು ಸಿಕ್ಕಿಕೊಂಡು ನಿಂತಿದ್ದವು. ಯಮನೂರ ಹಾರ್ನಿನ ಮೇಲಿನ ಕೈ ತೆಗೆಯಲಿಲ್ಲ. ಹೇಲಿನ ಟ್ಯಾಂಕರಿಗೆ ಕಾರುಗಳು ತಾವಾಗಿಯೇ ದಾರಿ ಬಿಡುತ್ತವೆ. ಬಿಟ್ಟವು.

ತಾಲ್ಲೂಕು ಕಚೇರಿಗೆ ನೂರು ಮೀಟರ್ ದೂರದಲ್ಲಿ ಪೊಲೀಸರು ಟ್ಯಾಂಕರ್ ತಡೆದರು. ಚಿನ್ನಪ್ಪ ಇಳಿದು ಓಡಿದ. ಚಡ್ಡಿಯ ಹೊರತು ಮೈಮೇಲೆ ಏನೂ ಇರಲಿಲ್ಲ. ತಲೆಯಿಂದ ಇಳಿಯುತ್ತಿತ್ತು. ಜಗಲಿಯ ತುಂಬ ಬಿಳಿ ಅಂಗಿಯವರು ನಿಂತಿದ್ದರು. ರಾಜೇಂದ್ರನೂ ಇದ್ದ. "ಹಿಡೀರೋ ಅವ್ನ," ಎಂದ. ಯಾರೂ ಹಿಡಿಯಲಿಲ್ಲ. ಹಿಡಿಯಬೇಕೆಂದರೆ ಮುಟ್ಟಬೇಕಿತ್ತು.

ಒಳಗೆ ಶೇಖರಪ್ಪ ಮೇಜಿನ ಮುಂದೆ ನಿಂತಿದ್ದ. ಅಧಿಕಾರಿಯ ಕೈಯಲ್ಲಿ ಪತ್ರವಿತ್ತು. ಗೋಡೆ ಗಡಿಯಾರದಲ್ಲಿ ಮೂರಕ್ಕೆ ಎಂಟು ನಿಮಿಷ.

"ನಾನೇ ಚಿನ್ನಪ್ಪ," ಎಂದ ಚಿನ್ನಪ್ಪ. ಉಸಿರು ಸಿಗುತ್ತಿರಲಿಲ್ಲ. "ಅದು ನನ್ನ ಸೈ ಅಲ್ಲ. ನಾನು ವಾಪಸ್ ತಗೊಳಾಕಿಲ್ಲ."

ಭುವನೇಶ್ವರಿ ಸೆರಗು ಮೂಗಿಗೆ ಒತ್ತಿಕೊಂಡಳು. ಫ್ಯಾನಿನ ಕೆಳಗೆ ವಾಸನೆ ಕೋಣೆ ತುಂಬಿತು. ಅಧಿಕಾರಿ ಎದ್ದು ಕಿಟಕಿಯ ಹತ್ತಿರ ಹೋದರು.

"ಮೊದ್ಲು ಹೊರಗೆ ಹೋಗಿ ತೊಳ್ಕೊಂಡು ಬನ್ನಿ. ಇದು ಸರ್ಕಾರಿ ಕಚೇರಿ."

"ತೊಳ್ಕೊಂಡ್ ಬರಾ ಒತ್ಗೆ ಮೂರಾಯ್ತದೆ ಸಾರ್."

"ಸಾರ್, ಇವ್ನು ಕುಡ್ದವ್ನೆ," ಎಂದ ಶೇಖರಪ್ಪ.

ಆ ಮಾತು ಚಿನ್ನಪ್ಪನಿಗೆ ಗುಂಡಿಯ ಗಾಳಿಗಿಂತ ಹೆಚ್ಚಾಗಿ ಹೊಡೆಯಿತು. ಅವನು ಮೇಜಿನ ಹತ್ತಿರ ಬಂದ. ಶೇಖರಪ್ಪ ಹಿಂದಕ್ಕೆ ಸರಿದ.

"ಒಂದು ಆಳೆ ಕೊಡಿ ಸಾರ್. ನಿಮ್ಮ ಮುಂದೇನೆ ಸೈ ಆಕ್ತೀನಿ. ಆ ಪತ್ರದ್ದು, ಇದು, ನಾಮಪತ್ರದ್ದು, ಮೂರೂ ಇಟ್ಟು ನೋಡಿ. ನಾನು ಕುಡ್ದಿಲ್ಲ. ಇವ್ರು ನನ್ನ ಗುಂಡೀಲಿ ಇಟ್ಟು ಏಣಿ ತಗೊಂಡಿದ್ರು."

ಅಧಿಕಾರಿ ಕದಲಲಿಲ್ಲ. ಹಾಳೆ ಕೊಟ್ಟವಳು ಭುವನೇಶ್ವರಿ. ಮೂಗಿನ ಮೇಲಿನ ಸೆರಗು ಬಿಟ್ಟು, ಹಾಳೆ ಮೇಜಿನ ಮೇಲಿಟ್ಟು, ಗಾಳಿಗೆ ಹಾರದಂತೆ ಎರಡು ಕೈಯಲ್ಲೂ ಒತ್ತಿ ಹಿಡಿದಳು. ಚಿನ್ನಪ್ಪ ಸೈ ಹಾಕಿದ. ಕೈ ಜಾರುತ್ತಿತ್ತು. ಹಾಳೆ ಅರ್ಧ ಹೊಲಸಾಯಿತು. ಆದರೂ ಅಕ್ಷರಗಳು ಕಾಣುತ್ತಿದ್ದವು. ನಾಲ್ಕನೇ ಕ್ಲಾಸಿನ ದುಂಡಗಿನ ಅಕ್ಷರ. ಶೇಖರಪ್ಪ ತಂದ ಪತ್ರದಲ್ಲಿ ಸೈ ಸರಸರನೆ ಓರೆಯಾಗಿ ಹರಿದಿತ್ತು.

ಅಧಿಕಾರಿ ಬಂದು ಮೂರನ್ನೂ ನೋಡಿದರು. ಗಡಿಯಾರ ನೋಡಿದರು. ಬಾಗಿಲಲ್ಲಿ ನಿಂತಿದ್ದ ರಾಜೇಂದ್ರನನ್ನೂ ನೋಡಿದರು. ಆಮೇಲೆ ಪತ್ರವನ್ನು ಶೇಖರಪ್ಪನ ಕಡೆಗೆ ತಳ್ಳಿದರು.

"ಅಭ್ಯರ್ಥಿ ಖುದ್ದು ಎದುರಿಗೆ ನಿಂತು ಇಲ್ಲ ಅಂತಿದ್ದಾರೆ. ಇದನ್ನ ತಗೊಳ್ಳೋಕಾಗಲ್ಲ."

ಸೋಮವಾರ ಮನೆಯ ಶೀಟುಗಳನ್ನು ಕಿತ್ತರು. ಯಮನೂರನ ಕೆಲಸ ಹೋಯಿತು. ಚಿನ್ನಪ್ಪ, ಪಿಳ್ಳಮ್ಮ ಕಾಲೋನಿಯಲ್ಲಿ ನೆಂಟರ ಮನೆಯ ಪಡಸಾಲೆ ಸೇರಿದರು. ಅವನಿಗೆ ಹೊಲಿಗೆ ಯಂತ್ರದ ಗುರುತು ಸಿಕ್ಕಿತು. ಇಬ್ಬರೂ ಅಫಿಡವಿಟ್ಟಿನ ಜೆರಾಕ್ಸ್ ಹಿಡಿದು ಜಿಗಣಿಯ ಕೂಲಿ ಶೆಡ್ಡುಗಳಿಗೆ, ಕಾಲೋನಿಗಳಿಗೆ ತಿರುಗಿದರು. ಓಟು ಹಾಕಿ ಎನ್ನಲು ಚಿನ್ನಪ್ಪನಿಗೆ ನಾಲಿಗೆ ಏಳುತ್ತಿರಲಿಲ್ಲ. ಇದನ್ನು ಓದಿ ಎನ್ನುತ್ತಿದ್ದ. ಕೆಲವರು ಓದಿದರು. ಕೆಲವರು ದೂರದಿಂದಲೇ ಕೈ ಮುಗಿದು ಬಾಗಿಲು ಹಾಕಿಕೊಂಡರು.

ಎಣಿಕೆಯ ದಿನ ಹನುಮಯ್ಯ ಗೆದ್ದ. ಮೇಷ್ಟ್ರು ಸಾವಿರದ ನೂರಾ ಆರು ಓಟಿನಿಂದ ಸೋತರು. ಚಿನ್ನಪ್ಪನಿಗೆ ಸಾವಿರದ ಎಂಟುನೂರ ಎಪ್ಪತ್ತಮೂರು ಬಿದ್ದಿದ್ದವು. ಅವುಗಳಲ್ಲಿ ಹೆಸರು ತಪ್ಪಿ ಒತ್ತಿದವರೆಷ್ಟು, ಕಾಗದ ಓದಿ ಒತ್ತಿದವರೆಷ್ಟು, ಹೇಳುವವರು ಯಾರು. ಕಾಲೋನಿಯ ಜನ ಅವನ ಮುಖ ನೋಡಿ ಉಗಿದರು. "ನೀನು ವಾಪಸ್ ತಗೊಂಡಿದ್ರೆ ಮೇಷ್ಟ್ರು ಗೆಲ್ತಿದ್ರು. ನಮ್ಮನೇನ ನೀನೇ ಕೆಡವಿದೆ." ಮಧ್ಯಾಹ್ನ ಶೇಖರಪ್ಪ ಬೈಕಿನಲ್ಲಿ ಬಂದು ಎಲ್ಲರೆದುರು ಅವನ ಕೈಗೆ ಲಾಡು ಡಬ್ಬ ಇಟ್ಟ. "ಅಣ್ಣ ಕಳ್ಸವ್ರೆ. ನಿನ್ನಿಂದ ತುಂಬ ಉಪ್ಕಾರ ಆಯ್ತಂತೆ."

ಚಿನ್ನಪ್ಪ ಡಬ್ಬ ಹಿಡಿದು ಹಾಗೆಯೇ ನಿಂತ. ಪಿಳ್ಳಮ್ಮ ಬಂದು ಅದನ್ನು ಕಿತ್ತುಕೊಂಡು ಚರಂಡಿಗೆ ಎಸೆದಳು.

"ಇಲ್ಲೇ ನಿಂತ್ಕೊಂಡ್ರೆ ಏನ್ ಬಂತು? ನಡಿ," ಎಂದಳು. "ಎಲೆಕ್ಷನ್ ಅವ್ರದು. ಅದು ಮುಗೀತು. ಕಾಗದ ನಮ್ಮದು."

ಮಹಾನಂದಾ ಅಫಿಡವಿಟ್ಟಿಗೆ ಕಚೇರಿಯಿಂದ ಸೀಲು ಹಾಕಿದ ನಕಲು ತೆಗೆಸಿಕೊಟ್ಟಳು. ಪಿಳ್ಳಮ್ಮನ ಹೆಸರಲ್ಲಿ ದೂರನ್ನೂ ಹೊಡೆದುಕೊಟ್ಟಳು. ಸ್ಟೇಷನ್ನಿನಲ್ಲಿ ಎರಡು ದಿನ ಕೂರಿಸಿದರು. ಮೂರನೆಯ ದಿನ ಇನ್‌ಸ್ಪೆಕ್ಟರ್ ಒಳಗೆ ಕರೆದ. ಮೇಜಿನ ಮೇಲೆ ಹಳೆಯ ಫೈಲಿತ್ತು. ಅದರೊಳಗೆ ಮುತ್ತು ಸತ್ತಾಗಿನ ಹೇಳಿಕೆ. ಅದನ್ನು ಚಿನ್ನಪ್ಪನ ಕಡೆ ತಿರುಗಿಸಿದ.

"ಈ ಸೈ ನಿಂದೇ ತಾನೆ?"

"ನಂದೇ ಸಾರ್."

"ಈಗ ಕೊಟ್ಟಿರೋದು ನಿಜ ಅಂದ್ರೆ ಇದು ಸುಳ್ಳು. ಪೊಲೀಸರಿಗೆ ಸುಳ್ಳು ಹೇಳಿಕೆ ಕೊಟ್ಟು ಸಾವು ಮುಚ್ಚಿ ಹಾಕಿದ್ದೀಯ. ನಿನ್ನ ಹೆಂಡತಿ ಈ ಕಂಪ್ಲೇಂಟ್ ಕೊಟ್ರೆ ಅದರಲ್ಲಿ ನೀನೂ ಆರೋಪಿ. ಗೊತ್ತಾ?" ಇನ್‌ಸ್ಪೆಕ್ಟರ್ ಪೆನ್ನಿಗೆ ಮುಚ್ಚಳ ಹಾಕಿದ. "ಮನೆಗೆ ಹೋಗಿ ಯೋಚನೆ ಮಾಡಿ."

ಪಿಳ್ಳಮ್ಮ ಗಂಡನ ಕಡೆ ತಿರುಗಿದಳು. ಇದನ್ನು ಅವಳು ಎಣಿಸಿರಲಿಲ್ಲ. ದೂರಿನ ಹಾಳೆ ಅವಳ ಕೈಯಲ್ಲೇ ಇತ್ತು. ವಾಪಸ್ ಮಡಚುವಂತೆ ಅದರ ಅಂಚು ಹಿಡಿದಳು.

ಚಿನ್ನಪ್ಪ ಅದನ್ನು ಅವಳ ಕೈಯಿಂದ ತೆಗೆದುಕೊಂಡು ಮೇಜಿನ ಮೇಲಿಟ್ಟ.

"ಬರ್ಕೊಳ್ಳಿ ಸಾರ್. ನನ್ನ ಎಸ್ರೂ ಬರ್ಕೊಳ್ಳಿ."

"ಜೈಲಾಗುತ್ತೆ."

"ಆಗ್ಲಿ. ಸುಳ್ಳು ಏಳಿದ್ದು ನಾನು. ಏಳಿಸಿದ್ದು ರಾಜೇಂದ್ರ. ನನ್ನ ಎಸ್ರು ಬರ್ದ್ರೆ ಅವ್ರದ್ದು ಬಿಡಕಾಗಾಕಿಲ್ವಲ್ಲ ಸಾರ್."

ಇನ್‌ಸ್ಪೆಕ್ಟರ್ ಪೆನ್ನು ಮುಟ್ಟಲಿಲ್ಲ. ಬಾಗಿಲ ಹೊರಗೆ ಯಮನೂರ ನಿಂತಿದ್ದ. ಊರಿಗೆ ಹೋಗುವ ಬಸ್ಸಿಗೆಂದು ಹೊರಟವನು ಹೆಗಲಲ್ಲಿ ಚೀಲವಿಟ್ಟುಕೊಂಡೇ ಅಲ್ಲಿಗೆ ಬಂದಿದ್ದ. ಸಾಕ್ಷಿ ಹೇಳಲು ಕರೆಯದೆಯೇ ಒಳಗೆ ಬಂದ. ಚೀಲ ನೆಲದ ಮೇಲಿಟ್ಟ.

ಪಿಳ್ಳಮ್ಮ ಮೇಜಿನ ಮುಂದಿನ ಕುರ್ಚಿ ಎಳೆದುಕೊಂಡು ಕೂತಳು. ಕೂರಲು ಯಾರೂ ಹೇಳಿರಲಿಲ್ಲ.

"ಬರೀರಿ ಸಾರ್," ಎಂದಳು. "ಬರೆಯೋಗಂಟ ನಾವು ಏಳಾಕಿಲ್ಲ."